ಹಲಗೆ ಮೇಲಿನ ವಿಚಿತ್ರ ಸಂಗತಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಗೌರಿಬಿದನೂರಿನಲ್ಲಿ ನಮ್ಮದೊಂದು ಜೆರಾಕ್ಸ್ ಅಂಗಡಿ ಇದೆ. ಬಾಗಿಲ ಪಕ್ಕದ ಕಪ್ಪು ಹಲಗೆ ಮೇಲೆ ಜಗತ್ತಿನ ಯಾವುದಾದರೂ ಮೂಲೆಯ ಒಂದು ವಿಚಿತ್ರ ಸಂಗತಿ ಬರೆದಿರುತ್ತೇನೆ. ಪಹಣಿ ಜೆರಾಕ್ಸ್ ಮಾಡಿಸಲು ಬಂದವರು, ಕಾಲೇಜು ಮಕ್ಕಳು, ಬಸ್ಸಿಗೆ ಕಾಯುವವರು ಎಲ್ಲರೂ ಓದುತ್ತಾರೆ. ಓದಿ ಸುಮ್ನೆ ಹೋಗುವುದಿಲ್ಲ, ಒಳಗೆ ಬಂದು ಕೇಳುತ್ತಾರೆ. ಜಾಸ್ತಿ ಸಲ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಅಣ್ಣಾ, ಇದೆಲ್ಲ ನಿಜಾನಾ? ಇಲ್ಲ ವಾಟ್ಸಾಪ್‌ನಲ್ಲಿ ಬಂದದ್ದಾ?

ವಾಟ್ಸಾಪ್‌ನಲ್ಲಿ ಬಂದದ್ದು ಹಾಗೇ ಹಲಗೆಗೆ ಹೋಗುವುದಿಲ್ಲ. ನಾನು ನೋಡುವುದು ಎರಡೇ: ಅಳೆದವರು ಯಾರು, ಯಾವಾಗ ಅಳೆದರು. ಅದು ಸಿಗದಿದ್ದರೆ ಎಷ್ಟೇ ಮಜವಾಗಿದ್ದರೂ ಬಿಟ್ಟುಬಿಡುತ್ತೇನೆ.

"ಯಾವಾಗ" ಯಾಕೆ ಬೇಕು ಅಂದರೆ, ನಿನ್ನೆವರೆಗೂ ಸರಿ ಇದ್ದದ್ದು ಇವತ್ತು ತಪ್ಪಾಗಬಹುದು. ಪ್ಲೂಟೊಗಿಂತ ರಷ್ಯಾ ದೇಶವೇ ದೊಡ್ಡದು ಎಂದು ನೀವು ಎಲ್ಲೋ ಓದಿರುತ್ತೀರಿ. 2015ರ ಜುಲೈನಲ್ಲಿ ನ್ಯೂ ಹೊರೈಜನ್ಸ್ ನೌಕೆ ಪ್ಲೂಟೊ ಪಕ್ಕದಲ್ಲೇ ಹಾದುಹೋಗಿ ಸರಿಯಾಗಿ ಅಳೆಯಿತು. ಅಡ್ಡಳತೆ ಸುಮಾರು 2,377 ಕಿಲೋಮೀಟರ್ ಬಂತು. ಅದರ ಪ್ರಕಾರ ಪ್ಲೂಟೊದ ಮೇಲ್ಮೈ ಸುಮಾರು 1 ಕೋಟಿ 77 ಲಕ್ಷ ಚದರ ಕಿಲೋಮೀಟರ್. ರಷ್ಯಾ 1 ಕೋಟಿ 71 ಲಕ್ಷ. ಅಲ್ಲಿಗೆ ಆ ಸಂಗತಿಯ ಕತೆ ಮುಗಿಯಿತು, ಆದರೂ ಕ್ವಿಜ್‌ಗಳಲ್ಲಿ ಇನ್ನೂ ಕೇಳುತ್ತಲೇ ಇದ್ದಾರೆ.

ಟೊಮೆಟೊ ಹಣ್ಣೋ, ತರಕಾರಿಯೋ?

ಕೋಲಾರ, ಚಿಂತಾಮಣಿ ಕಡೆಯ ರೈತರನ್ನು ಕೇಳಿದರೆ ಎರಡೂ ಅಲ್ಲ, ಲಾಟರಿ ಅನ್ನುತ್ತಾರೆ. ಬಾಕ್ಸಿಗೆ ಎರಡು ಸಾವಿರ ದಾಟಿದ್ದನ್ನೂ ನೋಡಿದ್ದಾರೆ, ಕೊಯ್ಲಿನ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಹೋಗಿದ್ದೂ ಇದೆ.

ಗಿಡದ ಲೆಕ್ಕದಲ್ಲಿ ಅದು ಹಣ್ಣೇ. ಹೂವಿನಿಂದ ಆಗುತ್ತದೆ, ಒಳಗೆ ಬೀಜ ಇರುತ್ತದೆ. ಆದರೆ ಅಮೆರಿಕದಲ್ಲಿ ಇದೇ ಜಗಳ ಸುಪ್ರೀಂ ಕೋರ್ಟಿನ ತನಕ ಹೋಯಿತು. ಅಲ್ಲಿನ 1883ರ ಸುಂಕದ ಕಾಯ್ದೆ ಪ್ರಕಾರ ಹೊರದೇಶದಿಂದ ಬರುವ ತರಕಾರಿಗೆ 10% ಸುಂಕ, ಹಣ್ಣಿಗೆ ಇಲ್ಲ. ನ್ಯೂಯಾರ್ಕಿನ ನಿಕ್ಸ್ ಎಂಬ ವ್ಯಾಪಾರಿಯ ಮನೆಯವರು, ಟೊಮೆಟೊ ಹಣ್ಣು, ನಮ್ಮಿಂದ ವಸೂಲಿ ಮಾಡಿದ ದುಡ್ಡು ವಾಪಸ್ ಕೊಡಿ ಎಂದು ಬಂದರಿನ ಸುಂಕದ ಅಧಿಕಾರಿ ಹೆಡನ್ ಮೇಲೆ ಕೇಸು ಹಾಕಿದರು. ಎರಡೂ ಕಡೆಯ ವಕೀಲರು ಕೋರ್ಟಿನಲ್ಲಿ ನಿಂತು ಡಿಕ್ಷನರಿ ಓದಿದರು! 1893ರ ಮೇ ತಿಂಗಳಲ್ಲಿ ತೀರ್ಪು ಬಂತು. ಗಿಡದ ಶಾಸ್ತ್ರ ಏನಾದರೂ ಹೇಳಲಿ, ಜನ ಇದನ್ನು ಊಟದ ಜೊತೆ ತಿನ್ನುತ್ತಾರೆ, ಊಟ ಮುಗಿದ ಮೇಲೆ ಸಿಹಿ ತಿಂದ ಹಾಗೆ ತಿನ್ನುವುದಿಲ್ಲ, ಆದ್ದರಿಂದ ಇದು ತರಕಾರಿ. ನಿಕ್ಸ್ ಮನೆಯವರು ಸೋತರು. ನನಗೆ ಕೇಳಿದರೆ ನ್ಯಾಯಾಧೀಶರು ಸಾರು ಮಾಡುವವರ ಪರ ನಿಂತರು, ಸರಿಯಾಗೇ ಇದೆ.

ಅರ್ಕನ್ಸಾ ಎಂಬ ಅಮೆರಿಕದ ರಾಜ್ಯ ಇನ್ನೂ ಜಾಣ. 1987ರಲ್ಲಿ ಒಂದೇ ಟೊಮೆಟೊವನ್ನು ರಾಜ್ಯದ ಹಣ್ಣು ಅಂತಲೂ ರಾಜ್ಯದ ತರಕಾರಿ ಅಂತಲೂ ಘೋಷಿಸಿಬಿಟ್ಟಿತು.

ಇದರ ಜೊತೆಗೇ ಇನ್ನೊಂದು ಬರುತ್ತದೆ: ಗಿಡದ ಲೆಕ್ಕದಲ್ಲಿ ಟೊಮೆಟೊ, ಬದನೆಕಾಯಿ, ಬಾಳೆಹಣ್ಣು, ನಮ್ಮ ಜಿಲ್ಲೆಯ ದ್ರಾಕ್ಷಿ ಎಲ್ಲವೂ ಬೆರ್ರಿ ಜಾತಿಯ ಹಣ್ಣುಗಳು. ಸ್ಟ್ರಾಬೆರ್ರಿ ಮಾತ್ರ ಬೆರ್ರಿ ಅಲ್ಲ. ಅದರ ಮೈಮೇಲೆ ಬೀಜದ ಹಾಗೆ ಕಾಣುವ ಒಂದೊಂದು ಚುಕ್ಕೆಯೂ ಒಂದೊಂದು ಹಣ್ಣು, ನಾವು ತಿನ್ನುವ ಕೆಂಪು ಭಾಗ ಹೂವಿನ ಬುಡ ಊದಿಕೊಂಡದ್ದು.

ಸ್ಪೇನ್‌ನಲ್ಲಿ ಟೊಮೆಟೊ ಎಸೆದಾಡುವ ಹಬ್ಬ ಇದೆಯಂತೆ, ಅವರಿಗೆ ಬುದ್ಧಿ ಇಲ್ವಾ?

ಇದೆ. ವೆಲೆನ್ಸಿಯಾ ಹತ್ತಿರದ ಬುನ್ಯೋಲ್ ಎಂಬ ಊರು, ಆಗಸ್ಟ್ ತಿಂಗಳ ಕೊನೆಯ ಬುಧವಾರ, ಒಂದು ಗಂಟೆ ಹೊತ್ತು. ಎಸೆಯುವ ಮೊದಲು ಕೈಯಲ್ಲಿ ಹಿಸುಕಬೇಕು, ಇಲ್ಲದಿದ್ದರೆ ಪೆಟ್ಟಾಗುತ್ತದೆ ಅಂತ ನಿಯಮವೇ ಇದೆ. 2013ರಿಂದ ಅದಕ್ಕೆ ಟಿಕೆಟ್ ಬೇರೆ. ದುಡ್ಡು ಕೊಟ್ಟು ಟೊಮೆಟೊ ಏಟು ತಿನ್ನುತ್ತಾರೆ ಎಂದು ಬರೆದ ದಿನ ಶ್ರೀನಿವಾಸಪುರದಿಂದ ಬಂದಿದ್ದ ರೈತರೊಬ್ಬರು, ರೇಟು ಬಿದ್ದಾಗ ಅವರನ್ನೇ ಇಲ್ಲಿಗೆ ಕರೆಸಿ ಅಂದರು.

ರಾಗಿ ಆದರೂ ನಮ್ಮದೇ ಅಲ್ವಾ?

ಈಗ ನಮ್ಮದೇ, ಆದರೆ ತವರುಮನೆ ಆಫ್ರಿಕಾ. ಇಥಿಯೋಪಿಯಾ, ಉಗಾಂಡಾ ಕಡೆಯ ಎತ್ತರದ ನೆಲದಲ್ಲಿ ಮೊದಲು ಬೆಳೆದದ್ದು. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆಯೇ ಇಲ್ಲಿಗೆ ಬಂತು. ಇದನ್ನು ಬರೆದ ದಿನ ಆದಷ್ಟು ಜಗಳ ಬೇರೆ ಯಾವ ದಿನವೂ ಆಗಿಲ್ಲ. ಹಿರಿಯರೊಬ್ಬರು "ಏನಪ್ಪಾ, ನಾಳೆ ಮುದ್ದೆಯೂ ಆಫ್ರಿಕಾದ್ದು ಅಂತೀಯಾ?" ಎಂದು ಕೇಳಿದರು. ಉಗಾಂಡಾ, ಕೀನ್ಯಾ ಕಡೆಯೂ ರಾಗಿ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಕೋಲಿನಲ್ಲಿ ತಿರುವಿ ಗಟ್ಟಿ ಮಾಡಿ ತಿನ್ನುತ್ತಾರೆ ಎಂದೆ. ಅವರು ಆಮೇಲೆ ಮಾತಾಡಲಿಲ್ಲ.

ತುಮಕೂರು ಮಾರ್ಕೆಟ್ಟಿಗೆ ರಾಶಿ ರಾಶಿ ಬರುವ ಹುಣಸೆಹಣ್ಣೂ ಆಫ್ರಿಕಾ ಮೂಲದ್ದೇ. ಪಾವಗಡದ ಕಡಲೆಕಾಯಿ, ಹಸಿಮೆಣಸಿನಕಾಯಿ, ಆಲೂಗಡ್ಡೆ, ಮುಸುಕಿನ ಜೋಳ, ಟೊಮೆಟೊ ಎಲ್ಲ ಅಮೆರಿಕ ಖಂಡದಿಂದ ಬಂದವು. 1492ರಲ್ಲಿ ಕೊಲಂಬಸ್ ಆ ಕಡೆ ಹೋಗುವ ಮೊದಲು ನಮ್ಮಲ್ಲಿ ಯಾರೂ ಮೆಣಸಿನಕಾಯಿ ಕಂಡಿರಲಿಲ್ಲ. ಖಾರ ಬೇಕಿದ್ದರೆ ಕಾಳುಮೆಣಸು ಹಾಕುತ್ತಿದ್ದರು. ಕಡಲೆಕಾಯಿಯ ಹೂವು ಮೇಲೆ ಬಿಡುತ್ತದೆ, ಆಮೇಲೆ ಊಡು, ಅಂದರೆ ಹೂವಿನಿಂದ ಹೊರಡುವ ಕಡ್ಡಿಯಂಥ ತೊಟ್ಟು, ಮಣ್ಣಿಗೆ ಇಳಿದು ಕಾಯಿ ಒಳಗೆ ಕಟ್ಟುತ್ತದೆ. ಇದು ನಮ್ಮ ಕಡೆ ಯಾರಿಗೂ ಹೊಸದಲ್ಲ, ಬೆಂಗಳೂರಿನಿಂದ ಬಂದ ಮಕ್ಕಳು ಮಾತ್ರ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ.

ಶಾರ್ಕ್‌ಗಿಂತ ತೆಂಗಿನಕಾಯಿ ಬಿದ್ದು ಸಾಯುವವರೇ ಜಾಸ್ತಿ, ವರ್ಷಕ್ಕೆ 150 ಜನ ಅಂತಾರಲ್ಲ?

ಇದನ್ನು ಕೇಳುವವರು ಸಾಮಾನ್ಯವಾಗಿ ತಿಪಟೂರಿನವರು ಅಥವಾ ತಿಪಟೂರಿಗೆ ಹೆಣ್ಣು ಕೊಟ್ಟವರು. 150 ಅನ್ನುವುದು ಯಾರೂ ಎಣಿಸಿದ ಲೆಕ್ಕ ಅಲ್ಲ. ಪೀಟರ್ ಬಾರ್ಸ್ ಎಂಬ ಡಾಕ್ಟರ್ ಪಪುವಾ ನ್ಯೂಗಿನಿಯ ಒಂದು ಆಸ್ಪತ್ರೆಯಲ್ಲಿ ನಾಲ್ಕು ವರ್ಷದ ದಾಖಲೆ ನೋಡಿದರು. ಪೆಟ್ಟು ಬಿದ್ದು ದಾಖಲಾದವರಲ್ಲಿ 2.5% ಜನಕ್ಕೆ ತೆಂಗಿನಕಾಯಿ ಬಿದ್ದಿತ್ತು. 1984ರಲ್ಲಿ ಅದನ್ನು ಪ್ರಕಟಿಸಿದರು, 2001ರಲ್ಲಿ ಅದಕ್ಕೆ ಇಗ್ ನೊಬೆಲ್ ಬಂತು. ಇದು ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ. ಅದೇ ಅಧ್ಯಯನ ಹಿಡಿದುಕೊಂಡು ಯಾರೋ ಇಡೀ ಜಗತ್ತಿಗೆ ಗುಣಾಕಾರ ಮಾಡಿ 150 ಅಂದರು, ಪೇಪರಿನವರು ಅಚ್ಚು ಹಾಕಿದರು. ಹಾಗಂತ ಕಾಯಿ ತುಂಬಿದ ಮರದ ಕೆಳಗೆ ಮಂಚ ಹಾಕಿ ಮಲಗಬೇಡಿ.

ಬೇರೆ ದೇಶದಲ್ಲಿ ಬಾಂಬ್ ಸಿಡಿಸಿದರೆ ಗೌರಿಬಿದನೂರಿಗೆ ಗೊತ್ತಾಗುತ್ತದೆ ಅಂತ ಬರೆದಿದ್ದಿರಿ. ತಮಾಷೆ ತಾನೇ?

ತಮಾಷೆ ಅಲ್ಲ. ನಮ್ಮೂರಿನವರಿಗೇ ಗೊತ್ತಿಲ್ಲ ಅನ್ನುವುದು ಬೇಜಾರು. 1960ರ ದಶಕದಲ್ಲಿ ಅಣುಶಕ್ತಿ ಇಲಾಖೆಯವರು ಬ್ರಿಟನ್ ಜೊತೆ ಸೇರಿ ಇಲ್ಲಿ ಭೂಕಂಪ ಅಳೆಯುವ ಯಂತ್ರಗಳ ಸಾಲು ಹಾಕಿದರು. ಎರಡು ತೋಳು ಚಾಚಿದ ಹಾಗೆ ಹೊಲಗಳ ನಡುವೆ ಹರಡಿಕೊಂಡಿದೆ. ಇದರ ಅಕ್ಕತಂಗಿಯರು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾದಲ್ಲಿವೆ. ಭೂಕಂಪ ಆದಾಗ ಬರುವ ನಡುಕವೇ ಬೇರೆ, ನೆಲದೊಳಗೆ ಅಣುಬಾಂಬ್ ಪರೀಕ್ಷೆ ಮಾಡಿದಾಗ ಬರುವ ನಡುಕವೇ ಬೇರೆ. ಆ ಎರಡನ್ನು ಗುರುತಿಸುವುದಕ್ಕೇ ಇದನ್ನು ಕಟ್ಟಿದ್ದು. ಇಲ್ಲೇ ಯಾಕೆ? ನೆಲದ ಕೆಳಗೆ ಹಳೆಯ ಗಟ್ಟಿ ಕಲ್ಲು, ಸಮುದ್ರ ದೂರ, ದೊಡ್ಡ ಊರಿನ ಗದ್ದಲ ಇಲ್ಲ. ನೀರಿಗೆ ಬೋರ್ ಕೊರೆಸುವವರು ಬೈಯುವ ಅದೇ ಬಂಡೆ ಈ ಕೆಲಸಕ್ಕೆ ಬೇಕಾಗಿತ್ತು.

ಇಲ್ಲೇ ಪಕ್ಕದಲ್ಲಿ 1976ರಿಂದ ಒಂದು ರೇಡಿಯೊ ದೂರದರ್ಶಕವೂ ಇದೆ. ದೂರದರ್ಶಕ ಅಂದ ತಕ್ಷಣ ಗುಂಡಗಿನ ಕೊಳವೆ ಹುಡುಕಬೇಡಿ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನೆಟ್ಟ ಕಂಬ, ತಂತಿಗಳು. ಒಂದು ತೋಳೇ ಸುಮಾರು 1.4 ಕಿಲೋಮೀಟರ್ ಉದ್ದ.

ಕೋಲಾರದ ಗಣಿಯಲ್ಲಿ ಚಿನ್ನ ಬಿಟ್ಟು ಬೇರೆ ಏನಾದರೂ ಸಿಕ್ಕಿದೆಯಾ?

ಸಿಕ್ಕಿದೆ, ಮಾರೋದಕ್ಕೆ ಆಗದಂಥದ್ದು. ನ್ಯೂಟ್ರಿನೊ ಎಂಬ ಕಣಗಳು ಪ್ರತಿ ಕ್ಷಣ ನಮ್ಮ ಮೈಯೊಳಗಿಂದ ಕೋಟಿಗಟ್ಟಲೆ ಹಾದುಹೋಗುತ್ತಿರುತ್ತವೆ, ಯಾವುದಕ್ಕೂ ತಗಲುವುದೇ ಅಪರೂಪ. ಅವನ್ನು ಹಿಡಿಯಬೇಕಾದರೆ ಆಕಾಶದಿಂದ ಬೀಳುವ ಬೇರೆ ಕಣಗಳನ್ನೆಲ್ಲ ತಡೆಯಬೇಕು. ತಡೆಯೋದಕ್ಕೆ ಕಿಲೋಮೀಟರುಗಟ್ಟಲೆ ಬಂಡೆ ಬೇಕು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್‌ನವರು ಸೇರಿ ಕೆಜಿಎಫ್‌ನಲ್ಲಿ ಎರಡು ಕಿಲೋಮೀಟರಿಗೂ ಆಳದಲ್ಲಿ ಉಪಕರಣ ಇಟ್ಟರು. 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಗುರುತು ಸಿಕ್ಕಿತು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಸಿಕ್ಕಿತು. ಮೊದಲು ಪ್ರಕಟಿಸಿದ್ದು ನಮ್ಮ ಕಡೆಯವರು, ಅದೂ ಕೇವಲ ಎರಡು ವಾರದ ಅಂತರದಲ್ಲಿ.

ಕರೆಂಟಿನ ವಿಷಯವೂ ಹಾಗೇ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ಕೆಜಿಎಫ್‌ಗೆ ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಅಷ್ಟರಲ್ಲಿ ಅಲ್ಲಿನ ಚಾಂಪಿಯನ್ ರೀಫ್ ಎಂಬ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಹೋಗಿತ್ತು. ನಂದಿ ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್, ಅದರ ಎರಡರಷ್ಟಕ್ಕಿಂತ ಜಾಸ್ತಿ ಇದು, ಆದರೆ ಕೆಳಮುಖವಾಗಿ.

ಬೂದಿಕೋಟೆಗೂ ಅಮೆರಿಕದ ರಾಷ್ಟ್ರಗೀತೆಗೂ ಎಂಥ ಸಂಬಂಧ?

ಸ್ವಲ್ಪ ಸುತ್ತುಬಳಸು, ಆದರೆ ಕೊಂಡಿ ಗಟ್ಟಿ ಇದೆ. ಹೈದರಾಲಿ ಹುಟ್ಟಿದ್ದು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ. ಅವನೂ ಟಿಪ್ಪುವೂ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಬ್ರಿಟಿಷರ ಮೇಲೆ ಬಿಟ್ಟರು. ಕಬ್ಬಿಣ ಇದ್ದದ್ದರಿಂದ ಒಳಗೆ ಮದ್ದು ಒತ್ತಾಗಿ ತುಂಬಬಹುದಿತ್ತು, ದೂರ ಹೋಗುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಎಂಬಾತ ಅವನ್ನು ನೋಡಿಕೊಂಡು ತನ್ನದೇ ರಾಕೆಟ್ ಮಾಡಿದ. 1814ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷರು ಅದೇ ಕಾಂಗ್ರೀವ್ ರಾಕೆಟ್ಟುಗಳನ್ನು ಬಾಲ್ಟಿಮೋರ್ ಪಕ್ಕದ ಮ್ಯಾಕ್‌ಹೆನ್ರಿ ಕೋಟೆ ಮೇಲೆ ಬಿಟ್ಟರು. ಹಡಗಿನಿಂದ ಅದನ್ನು ನೋಡಿದ ಫ್ರಾನ್ಸಿಸ್ ಸ್ಕಾಟ್ ಕೀ ಪದ್ಯ ಬರೆದ, ಅದು ಅಮೆರಿಕದ ರಾಷ್ಟ್ರಗೀತೆ ಆಯಿತು. ಅದರಲ್ಲಿ ಬರುವ ರಾಕೆಟ್ಟಿನ ಕೆಂಪು ಬೆಳಕು ಇದೇ.

ಕಾಕಂಬಿಯಲ್ಲಿ ಮುಳುಗಿ 21 ಜನ ಸತ್ತರು ಅಂತ ಬರೆದಿದ್ದಿರಿ. ಅಷ್ಟು ಮಂದ ಇರುವುದರಲ್ಲಿ ಓಡಿ ತಪ್ಪಿಸಿಕೊಳ್ಳೋಕೆ ಆಗಲಿಲ್ವಾ?

ಕಾಕಂಬಿ ಅಂದರೆ ಸಕ್ಕರೆ ಮಾಡುವಾಗ ಉಳಿಯುವ ಮಂದ ಪಾಕ. ಆಲೆಮನೆ ಕಂಡವರೆಲ್ಲ ಇದನ್ನೇ ಕೇಳುತ್ತಾರೆ. ಓಡಲಿಕ್ಕೆ ಆಗಲಿಲ್ಲ. ಅಮೆರಿಕದ ಬಾಸ್ಟನ್ ನಗರ, 1919ರ ಜನವರಿ 15. ಬಂದರಿನ ಪಕ್ಕ 50 ಅಡಿ ಎತ್ತರದ ಉಕ್ಕಿನ ಟ್ಯಾಂಕಿನಲ್ಲಿ ಸುಮಾರು 87 ಲಕ್ಷ ಲೀಟರ್ ಕಾಕಂಬಿ ಇತ್ತು, ಆಲ್ಕೋಹಾಲ್ ಮಾಡಲು ತಂದದ್ದು. ಮಧ್ಯಾಹ್ನದ ಹೊತ್ತು ಟ್ಯಾಂಕ್ ಒಡೆಯಿತು. ಮಂದವಾದದ್ದು ನಿಧಾನ ಹರಿಯುತ್ತದೆ ನಿಜ, ಆದರೆ ಅಷ್ಟು ಎತ್ತರದಿಂದ ಅಷ್ಟು ಭಾರ ಒಂದೇ ಸಲ ಕುಸಿದರೆ ಮೊದಲ ಅಲೆ ಗಂಟೆಗೆ ಸುಮಾರು 56 ಕಿಲೋಮೀಟರ್ ವೇಗದಲ್ಲಿ ಬಂತು. ಮನೆಗಳು ಬುಡದಿಂದ ಕಿತ್ತುಹೋದವು. ಚಳಿಗಾಲ ಆದ್ದರಿಂದ ಕಾಕಂಬಿ ಬೇಗ ಗಟ್ಟಿಯಾಯಿತು, ಸಿಕ್ಕಿಹಾಕಿಕೊಂಡವರನ್ನು ಎಳೆದು ತೆಗೆಯುವುದೇ ಕಷ್ಟವಾಯಿತು. ಸುಮಾರು 150 ಜನಕ್ಕೆ ಗಾಯ ಆಯಿತು.

ಟ್ಯಾಂಕ್ ಮೊದಲಿನಿಂದಲೂ ಸೋರುತ್ತಿತ್ತು. ಸೋರಿಕೆ ಕಾಣದಿರಲಿ ಎಂದು ಕಂದು ಬಣ್ಣ ಹೊಡೆಸಿದ್ದರು. ಒಡೆದ ಮೇಲೆ ಕಂಪನಿಯವರು, ಯಾರೋ ಬಾಂಬ್ ಇಟ್ಟರು ಎಂದು ವಾದಿಸಿದರು. ವರ್ಷಗಟ್ಟಲೆ ಕೇಸು ನಡೆದು ಕೊನೆಗೆ ಟ್ಯಾಂಕೇ ದುರ್ಬಲ ಎಂದು ತೀರ್ಮಾನ ಆಯಿತು, ಪರಿಹಾರ ಕೊಡಬೇಕಾಯಿತು. ಹಲಗೆ ಮೇಲೆ ಇದನ್ನು ನಗುವ ಸಂಗತಿಯ ಹಾಗೆ ಬರೆಯಲು ನನಗೆ ಮನಸ್ಸು ಬರಲಿಲ್ಲ.

ನಗುವಂಥದ್ದು ಹೇಳಿ ಹಾಗಾದರೆ.

ಆಸ್ಟ್ರೇಲಿಯಾ ದೇಶ ಹಕ್ಕಿಗಳ ಮೇಲೆ ಯುದ್ಧಕ್ಕೆ ಹೋಗಿ ಸೋತಿದೆ. 1932ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಹೊಲಗಳಿಗೆ ಸುಮಾರು 20,000 ಎಮು ಹಕ್ಕಿಗಳು ನುಗ್ಗಿದವು. ರೈತರು ಕೇಳಿಕೊಂಡದ್ದಕ್ಕೆ ಸರ್ಕಾರ ಮೇಜರ್ ಮೆರೆಡಿತ್ ಎಂಬುವರ ಕೈಗೆ ಎರಡು ಮೆಷಿನ್‌ಗನ್, 10,000 ಗುಂಡು ಕೊಟ್ಟು ಕಳಿಸಿತು. ಎಮುಗಳು ಗುಂಪು ಗುಂಪಾಗಿ ಒಡೆದು ದಿಕ್ಕಾಪಾಲಾಗಿ ಓಡಿದವು. ಗನ್ನನ್ನು ಲಾರಿ ಮೇಲೆ ಕಟ್ಟಿ ಅಟ್ಟಿಸಿಕೊಂಡು ಹೋದರು, ಹಳ್ಳದಿಣ್ಣೆಯಲ್ಲಿ ಗುರಿ ಇಡುವುದಿರಲಿ, ಹಿಡಿದು ಕೂರುವುದೇ ಕಷ್ಟ. ಸೈನ್ಯ ವಾಪಸ್ ಬಂತು. ಹೊಲಕ್ಕೆ ಹಂದಿ ನುಗ್ಗುವ ಕಷ್ಟ ಗೊತ್ತಿರುವ ನಮ್ಮ ಕಡೆಯವರಿಗೆ ಇದರಲ್ಲಿ ನಗುವುದಕ್ಕಿಂತ ಸಮಾಧಾನವೇ ಜಾಸ್ತಿ ಅಂತ ಕಾಣುತ್ತದೆ.

ಎಲ್ಲಕ್ಕಿಂತ ಚಿಕ್ಕ ಯುದ್ಧ ಬ್ರಿಟನ್ ಮತ್ತು ಜಾಂಜಿಬಾರ್ ನಡುವೆ, 1896ರ ಆಗಸ್ಟ್ 27. ಮುಕ್ಕಾಲು ಗಂಟೆಯೊಳಗೆ ಮುಗಿಯಿತು.

ಒಂದು ರೇಷ್ಮೆ ಗೂಡಿನಲ್ಲಿ ಎಷ್ಟು ಉದ್ದ ನೂಲು ಇರುತ್ತದೆ?

ಸಾಮಾನ್ಯವಾಗಿ 1 ಕಿಲೋಮೀಟರ್ ಆಸುಪಾಸು, ತಳಿ ನೋಡಿಕೊಂಡು ಹೆಚ್ಚುಕಡಿಮೆ. ಅಷ್ಟೂ ಒಂದೇ ಎಳೆ. ಶಿಡ್ಲಘಟ್ಟದವರಿಗೆ ಇದನ್ನು ಹೇಳಲು ಹೋಗುವುದು ಬೇಡ. ಆದರೆ ಹುಳು ಸಾಕುವವರೂ ಕೇಳಿ ಬೆರಗಾಗುವುದು ಇದಕ್ಕೆ: ಮೊಟ್ಟೆಯಿಂದ ಬಂದ ಚಾಕಿ ಹುಳು (ಎಳೆ ಹುಳು) ನಾಲ್ಕು ಜ್ವರ, ಅಂದರೆ ಪೊರೆ ಕಳಚುವ ಹಂತ, ದಾಟಿ ಗೂಡು ಕಟ್ಟಲು ಹಣ್ಣಾಗುವಷ್ಟರಲ್ಲಿ ತೂಕ ಸುಮಾರು 10,000 ಪಟ್ಟು ಆಗಿರುತ್ತದೆ. ಅಷ್ಟು ತಿಂದ ಹುಳು ಚಿಟ್ಟೆಯಾದ ಮೇಲೆ ಏನನ್ನೂ ತಿನ್ನುವುದಿಲ್ಲ, ಹಾರುವುದೂ ಇಲ್ಲ. ಸಾವಿರಾರು ವರ್ಷ ಮನುಷ್ಯರ ಕೈಯಲ್ಲೇ ಬೆಳೆದು ರೆಕ್ಕೆ ಇದ್ದರೂ ಪ್ರಯೋಜನ ಇಲ್ಲದ ಹಾಗೆ ಆಗಿದೆ.

ಎರಡು ತಲೆ ಹಾವು ನಿಜವಾಗಿ ಇದೆಯಾ? ಲಕ್ಷಗಟ್ಟಲೆ ಬೆಲೆಯಂತೆ?

ನಮ್ಮ ಕಡೆ ಎರಡು ತಲೆ ಹಾವು ಅನ್ನುವ ಮಣ್ಣುಮುಕ್ಕ ಹಾವಿಗೆ ಒಂದೇ ತಲೆ. ಬಾಲ ಮೊಂಡಾಗಿ ತಲೆಯ ಹಾಗೆ ಕಾಣುತ್ತದೆ, ಶತ್ರು ಬಂದರೆ ಬಾಲ ತೋರಿಸಿ ತಲೆ ಉಳಿಸಿಕೊಳ್ಳುತ್ತದೆ. ಅದರಿಂದ ನಿಧಿ ಸಿಗುವುದಿಲ್ಲ, ಕಾಯಿಲೆ ವಾಸಿಯಾಗುವುದಿಲ್ಲ. ಹಿಡಿದರೂ ಮಾರಿದರೂ 1972ರ ವನ್ಯಜೀವಿ ಕಾಯ್ದೆಯಡಿ ಕೇಸು. ನಿಜವಾಗಿ ಎರಡು ತಲೆಯ ಹಾವುಗಳು ಜಗತ್ತಿನಲ್ಲಿ ಅಪರೂಪಕ್ಕೆ ಹುಟ್ಟುತ್ತವೆ, ಆದರೆ ಎರಡು ತಲೆಯೂ ಒಂದೇ ಕಡೆ ಇರುತ್ತವೆ. ಒಂದೇ ಹೊಟ್ಟೆಗೆ ಎರಡೂ ಕಚ್ಚಾಡುವುದೂ ಉಂಟು. ಇದನ್ನೂ, ಅಕ್ಕಿ ಸೆಳೆಯುತ್ತದೆ ಎಂದು ನಂಬಿಸಿ ಮಾರುವ ರೈಸ್ ಪುಲ್ಲಿಂಗ್ ಚೆಂಬನ್ನೂ ಕೊಳ್ಳಲು ಯಾರಾದರೂ ಕರೆದರೆ ದಯವಿಟ್ಟು ಮನೆಗೆ ಹೋಗಿ.

ಇವು ನಿಜವೋ ಸುಳ್ಳೋ ಬೇಗ ಹೇಳಿ: ಚೀನಾ ಗೋಡೆ, ನವಿಲು, ಗೋಲ್ಡ್‌ಫಿಶ್, ಯುನೆಸ್ಕೊ.

ಚೀನಾದ ಗೋಡೆ ಚಂದ್ರನಿಂದ ಕಾಣುವುದಿಲ್ಲ. 2003ರಲ್ಲಿ ಭೂಮಿ ಸುತ್ತಿ ಬಂದ ಚೀನಾದ ಯಾಂಗ್ ಲಿವೇ ಅವರೇ ನನಗೆ ಕಾಣಲಿಲ್ಲ ಅಂದರು. ಗೋಡೆ ಉದ್ದ ಇದೆ, ಅಗಲ ಎಲ್ಲಿದೆ? ನವಿಲು ಕಣ್ಣೀರು ಕುಡಿದು ಮೊಟ್ಟೆ ಇಡುವುದಿಲ್ಲ, ಬೇರೆ ಹಕ್ಕಿಗಳ ಹಾಗೇ ಕೂಡುತ್ತವೆ, 2017ರಲ್ಲಿ ರಾಜಸ್ಥಾನ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಹೇಳಿದ್ದರೂ ಅದು ಸುಳ್ಳೇ. ಗೋಲ್ಡ್‌ಫಿಶ್ ಮೀನಿನ ನೆನಪು ಮೂರು ಸೆಕೆಂಡಲ್ಲ, ಕಲಿಸಿದರೆ ತಿಂಗಳುಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಯುನೆಸ್ಕೊ ನಮ್ಮ ರಾಷ್ಟ್ರಗೀತೆಗೆ ಬಹುಮಾನ ಕೊಟ್ಟಿಲ್ಲ, ಯಾವ ದೇಶದ್ದಕ್ಕೂ ಕೊಡುವುದಿಲ್ಲ.

ನಿಜವಾದವು: ಆಕ್ಟೋಪಸ್‌ಗೆ ಮೂರು ಹೃದಯ, ರಕ್ತ ನೀಲಿ, ಯಾಕೆಂದರೆ ಅದರಲ್ಲಿ ಕಬ್ಬಿಣದ ಬದಲು ತಾಮ್ರ. ಆಸ್ಟ್ರೇಲಿಯಾದ ವೊಂಬ್ಯಾಟ್ ಎಂಬ ಪ್ರಾಣಿ ಚೌಕದ ಪಿಕ್ಕೆ ಹಾಕುತ್ತದೆ. ಅದು ಹೇಗೆ ಎಂದು ಕಂಡುಹಿಡಿದವರಿಗೆ 2019ರಲ್ಲಿ ಇಗ್ ನೊಬೆಲ್ ಸಿಕ್ಕಿತು. ಅದರ ಕರುಳಿನ ಗೋಡೆ ಒಂದೊಂದು ಕಡೆ ಒಂದೊಂದು ರೀತಿ ಹಿಗ್ಗುತ್ತದಂತೆ.

ಶುಕ್ರ ಗ್ರಹದಲ್ಲಿ ವರ್ಷಕ್ಕಿಂತ ದಿನ ದೊಡ್ಡದಾ?

ಅರ್ಧ ಸರಿ. ಶುಕ್ರ ತನ್ನ ಸುತ್ತ ಒಂದು ಸಲ ತಿರುಗಲು ನಮ್ಮ 243 ದಿನ ಬೇಕು, ಸೂರ್ಯನನ್ನು ಸುತ್ತಲು 225. ಆದರೆ ಅದು ತಿರುಗುವುದು ಉಲ್ಟಾ, ಹಾಗಾಗಿ ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ ಸುಮಾರು 117 ದಿನ ಸಾಕು. ಸೂರ್ಯ ಹುಟ್ಟುವುದು ಪಶ್ಚಿಮದಲ್ಲಿ.

ನಾವೂ ಹಲಗೆಗೆ ಒಂದು ಸಂಗತಿ ಕೊಡಬಹುದಾ?

ಕೊಡಿ. ಇಸವಿ, ಊರು ಇರಲಿ. "ಏಷ್ಯಾದಲ್ಲೇ ಎರಡನೇ ದೊಡ್ಡದು" ಎಂದು ಶುರುವಾಗುವುದು ಬೇಡ. ಮಧುಗಿರಿ ಬೆಟ್ಟದಿಂದ ಕೋಲಾರದ ಟೊಮೆಟೊ ಮಾರ್ಕೆಟ್ ತನಕ ನಮ್ಮ ಕಡೆ ಎಲ್ಲವೂ ಏಷ್ಯಾದಲ್ಲಿ ಎರಡನೆಯದೇ. ಮೊದಲನೆಯದು ಯಾವುದು ಎಂದು ಕೇಳಿದರೆ ಉತ್ತರ ಬರುವುದಿಲ್ಲ.

ಕ್ಯಾಲೆಂಡರಿನಿಂದ ದಿನಗಳೇ ಕಾಣೆಯಾಗಿದ್ದವು ಅಂತ ಬರೆದಿದ್ದು ಅರ್ಥ ಆಗಲಿಲ್ಲ.

ಬ್ರಿಟನ್‌ನಲ್ಲಿ 1752ರ ಸೆಪ್ಟೆಂಬರ್ 2ರ ರಾತ್ರಿ ಮಲಗಿದವರು ಎದ್ದದ್ದು ಸೆಪ್ಟೆಂಬರ್ 14ಕ್ಕೆ. ಹಳೆಯ ಕ್ಯಾಲೆಂಡರ್ ಸೂರ್ಯನಿಗಿಂತ ಹಿಂದೆ ಬಿದ್ದಿತ್ತು, ಸರಿಮಾಡಲು 11 ದಿನ ಕಿತ್ತುಹಾಕಿದರು. ಶಾಂತಸಾಗರದ ಸಮೋವಾ ದೇಶದಲ್ಲಿ 2011ರ ಡಿಸೆಂಬರ್ 30 ಬರಲೇ ಇಲ್ಲ. ವ್ಯಾಪಾರವೆಲ್ಲ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ, ಅವರಿಗೆ ಸೋಮವಾರ ಆದಾಗ ಇವರಿಗೆ ಭಾನುವಾರ. ಅದಕ್ಕೆ ದಿನಾಂಕ ರೇಖೆಯ ಆ ಕಡೆಗೆ ದಾಟಿಕೊಂಡರು. 1892ರಲ್ಲಿ ಅಮೆರಿಕದ ಜೊತೆ ವ್ಯಾಪಾರಕ್ಕೆ ಈ ಕಡೆಗೆ ಬಂದಾಗ ಜುಲೈ 4 ಎರಡು ಸಲ ಬಂದಿತ್ತು, ಲೆಕ್ಕ ಸರಿಹೋಯಿತು ಅನ್ನಿ.

ಸ್ವೀಡನ್‌ನವರು ಮಾತ್ರ ಹಳೆಯ ಕ್ಯಾಲೆಂಡರನ್ನು ನಿಧಾನಕ್ಕೆ ಬದಲಾಯಿಸೋಣ ಅಂದುಕೊಂಡು 1700ರಲ್ಲಿ ಅಧಿಕ ದಿನ (ಫೆಬ್ರವರಿ 29) ಬಿಟ್ಟರು, 1704ರಲ್ಲೂ 1708ರಲ್ಲೂ ಬಿಡುವುದನ್ನು ಮರೆತರು, ಕೊನೆಗೆ ಬೇಡವೇ ಬೇಡ ಎಂದು ಹಳೆಯದಕ್ಕೇ ವಾಪಸ್ ಹೋಗಲು 1712ರಲ್ಲಿ ಫೆಬ್ರವರಿ 30 ಅಂತ ಒಂದು ದಿನ ಸೇರಿಸಿದರು. ಅವತ್ತು ಹುಟ್ಟಿದ ಮಕ್ಕಳಿಗೆ ಆಮೇಲೆ ಹುಟ್ಟುಹಬ್ಬದ ತಾರೀಖೇ ಬರಲಿಲ್ಲ.